ಖಾಲಿ ಶೀಟು, ತುಂಬಿದ ಸೀಸೆ

ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಪಾಂಡವಪುರ ತಾಲ್ಲೂಕಿನ ಒಂದು ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುತ್ತಿದ್ದ ಐವತ್ತೆಂಟು ವರ್ಷದ ವ್ಯಕ್ತಿಯ ಬಲಗೈಯಿಂದ ಸೌಟು ಜಾರಿ ಕೊಪ್ಪರಿಗೆಗೆ ಬಿತ್ತು. ಅದನ್ನು ಎತ್ತಲು ಕೈ ಏಳಲಿಲ್ಲ. ಬಾಯಿ ಎಡಕ್ಕೆ ಸೊಟ್ಟಗಾಯಿತು, ಮಾತು ತೊದಲಿತು. ಮೈಸೂರಿನ ನಮ್ಮ ಆಸ್ಪತ್ರೆಗೆ ಅವರು ಬಂದದ್ದು ಮರುದಿನ ಮಧ್ಯಾಹ್ನ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಹೊತ್ತು ಮೀರಿಹೋಗಿತ್ತು. ಹೆಪ್ಪು ಸಣ್ಣದಿದ್ದುದರಿಂದ ಹತ್ತು ದಿನದಲ್ಲಿ ಕೈ ಬಹುಪಾಲು ಮರಳಿತು.

ನಾನು ಹೃದ್ರೋಗ ವೈದ್ಯೆ. ಲಕ್ವ ಹೊಡೆದವರನ್ನು ಮೊದಲು ನೋಡುವುದು ನರರೋಗ ವಿಭಾಗ. ಕತ್ತಿನ ರಕ್ತನಾಳ ಸರಿಯಾಗಿದೆ, ಹೃದಯದ ಬಡಿತ ಸರಿಯಾಗಿದೆ, ಆದರೂ ಮಿದುಳಿಗೆ ಹೆಪ್ಪು ಎಲ್ಲಿಂದ ಹೋಯಿತು ಎಂದು ತಿಳಿಯದಿದ್ದಾಗ ಅವರು ರೋಗಿಯನ್ನು ನನ್ನ ಬಳಿ ಕಳಿಸುತ್ತಾರೆ. ಆಗ ನಾನು ಮಹಾಪಧಮನಿಯನ್ನು ನೋಡುತ್ತೇನೆ. ಹೃದಯದಿಂದ ಹೊರಟ ಈ ದೊಡ್ಡ ರಕ್ತನಾಳ ಊರುಗೋಲಿನ ಹಿಡಿಯಂತೆ ಬಾಗಿ ಕೆಳಗಿಳಿಯುತ್ತದೆ. ಆ ಬಾಗಿನಿಂದಲೇ ಮಿದುಳಿಗೆ ಹೋಗುವ ಕವಲುಗಳು ಏಳುತ್ತವೆ. ವಯಸ್ಸಾದಂತೆ ಅದರ ಒಳಗೋಡೆಗೆ ಕೊಬ್ಬು, ಸುಣ್ಣ ಮೆತ್ತಿಕೊಂಡು ಪದರವಾಗುತ್ತದೆ. ನಾವು ಅದನ್ನು ಪ್ಲೇಕ್ ಎನ್ನುತ್ತೇವೆ. ಪದರ ನಾಲ್ಕು ಮಿಲಿಮೀಟರ್ ದಾಟಿದರೆ ಅದರಿಂದ ಚೂರು ಕಳಚಿ ಮಿದುಳಿಗೆ ಹೋಗುವ ಅಪಾಯ ಹೆಚ್ಚು. ಇದು ಹಳೆಯ ತಿಳಿವಳಿಕೆ. ನಮ್ಮ ಕಡೆಯ ಜನರಲ್ಲಿ, ನಾವು ಕೊಡುವ ಮಾತ್ರೆಯ ಮೇಲೆ, ಇದು ಹೇಗೆ ನಡೆಯುತ್ತದೆ ಎಂಬುದು ನನ್ನ ಅಧ್ಯಯನದ ಪ್ರಶ್ನೆಯಾಗಿತ್ತು.

ಪರೀಕ್ಷೆ ಸುಲಭದ್ದಲ್ಲ. ಆರು ಗಂಟೆ ಹೊಟ್ಟೆ ಖಾಲಿ ಇರಬೇಕು. ಗಂಟಲಿಗೆ ಮರಗಟ್ಟಿಸುವ ಕಹಿ ಔಷಧಿ ಸಿಂಪಡಿಸಿ, ಎಡಮಗ್ಗುಲಿಗೆ ಮಲಗಿಸಿ, ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆಯೊಂದನ್ನಿಟ್ಟು, ಕಿರುಬೆರಳಿನ ದಪ್ಪದ ಕೊಳವೆಯನ್ನು ಅನ್ನನಾಳಕ್ಕೆ ಇಳಿಸುತ್ತೇವೆ. ಅದರ ತುದಿಯಲ್ಲಿ ಅಲ್ಟ್ರಾಸೌಂಡ್ ಕಣ್ಣು. ಮೊದಲು ಹೃದಯದ ಕೋಣೆಗಳಲ್ಲಿ ಹೆಪ್ಪು ಇದೆಯೇ ಎಂದು ನೋಡಿ, ಆಮೇಲೆ ಕೊಳವೆಯನ್ನು ಹಿಂದಕ್ಕೆ ತಿರುಗಿಸಿ, ಒಂದೊಂದೇ ಸೆಂಟಿಮೀಟರ್ ಮೇಲಕ್ಕೆಳೆಯುತ್ತ ಮಹಾಪಧಮನಿಯ ಗೋಡೆಯನ್ನು ಅಳೆಯಬೇಕು.

ಪಾಕ ನೋಡುವವರ ಮಹಾಪಧಮನಿಯ ಬಾಗಿನಲ್ಲಿ ಪದರ ಐದು ಪಾಯಿಂಟ್ ಎರಡು ಮಿಲಿಮೀಟರ್ ಇತ್ತು. ಅದರ ಅಂಚಿನ ಒಂದು ಚೂರು ರಕ್ತದ ಹರಿವಿಗೆ ಅಲುಗಾಡುತ್ತಿತ್ತು. ಮೂರು ಸಲ ಅಳೆದೆ.

ಗಂಟಲು ಸರಿಯಾದ ಮೇಲೆ ಅವರು ಹೇಳಿದ ಮೊದಲ ಮಾತು: "ಜಲ್ಲೆ ಕಬ್ಬ ಅಂಗೇ ನುಂಗ್ದಂಗಾಯ್ತು ಕಣವ್ವ."

ಪರದೆಯ ಚಿತ್ರ ತೋರಿಸಿ ವಿವರಿಸಿದೆ. ಅವರು ಬಹಳ ಹೊತ್ತು ನೋಡಿದರು. "ಇದು ನಮ್ ಕೊಪ್ಪರಿಗೆ ಅಂಚಿಗೆ ಸೀದು ಅಂಟ್ಕಂಡದಲ್ಲ, ಅಂಗೇ ಅದೆ. ಅದ್ರಲ್ಲಿ ಒಂದ್ ಚೂರು ಕಿತ್ಕಂಡು ಪಾಕಕ್ಕೆ ಬಿದ್ರೆ ಇಡೀ ಅಚ್ಚೇ ಕೆಟ್ಟೋಯ್ತದೆ."

"ನಾವಾದ್ರೆ ಕೊಪ್ಪರಿಗೆ ಉಜ್ಜಿ ತೊಳೀತೀವಿ. ಇದ್ನ ಉಜ್ಜಕ್ಕಾಗಕಿಲ್ವಾ?" ಎಂದು ಅವರ ಹೆಂಡತಿ ಕೇಳಿದರು.

ಆಗುವುದಿಲ್ಲ ಎಂದೆ. ದಿನಕ್ಕೆ ಎರಡು ಮಾತ್ರೆ, ಒಂದು ರಕ್ತ ಹೆಪ್ಪುಗಟ್ಟದಂತೆ, ಇನ್ನೊಂದು ಪದರ ಬಿರಿಯದಂತೆ. ಬದುಕಿರುವವರೆಗೆ ಒಂದು ದಿನವೂ ಬಿಡಬಾರದು. ಬಿಟ್ಟರೆ ಇನ್ನೊಂದು ಸಲ ಹೊಡೆಯಬಹುದು, ಆಗ ಕೈ ಮರಳದೇ ಹೋಗಬಹುದು ಎಂದೆ. ಇಬ್ಬರೂ ತಲೆಯಾಡಿಸಿದರು. ಅಧ್ಯಯನಕ್ಕೆ ಸೇರುವ ಒಪ್ಪಿಗೆ ಪತ್ರಕ್ಕೆ ಅವರು ಎಡಗೈಯಲ್ಲಿ ಸಹಿ ಮಾಡಿದರು.

ಅಧ್ಯಯನವೆಂದರೆ ಮುಖ್ಯವಾಗಿ ಓಡಾಟ. ಮಂಗಳವಾರ ಶ್ರೀರಂಗಪಟ್ಟಣ, ಪಾಂಡವಪುರ, ಗುರುವಾರ ಕೆ.ಆರ್. ಪೇಟೆ, ನಾಗಮಂಗಲ. ಜೀಪಿನಲ್ಲಿ ನಾವು ಮೂವರು: ನಾನು, ಫಾರಂ ತುಂಬುವ ಹಿರಿಯ ನರ್ಸ್, ಮತ್ತು ಗಂಜಾಂನಿಂದ ಬರುವ ಡ್ರೈವರ್ ಸಾಬರು. ಪ್ರತಿ ರೋಗಿಯನ್ನು ಮೂರು ತಿಂಗಳಿಗೊಮ್ಮೆ ಅವರ ಮನೆಯಲ್ಲೇ ನೋಡಬೇಕು. ಫಾರಂನಲ್ಲಿ ಎರಡು ಮುಖ್ಯ ಕಾಲಂ. ಮೊದಲನೆಯದು, ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ. ಅದಕ್ಕೆ ಸಾಕ್ಷಿ ಮಾತ್ರೆಯ ಖಾಲಿ ಶೀಟು. ಎರಡನೆಯದು, ಲಕ್ವ ಮರುಕಳಿಸಿದೆಯೇ.

ಸಣ್ಣ ಸೋಲುಗಳಿಗೆ ಲೆಕ್ಕವಿರಲಿಲ್ಲ. ಗದ್ದೆಗೆ ಹೋದವರು ಸಿಗುತ್ತಿರಲಿಲ್ಲ. ಫೋನು ಮಗಳ ಗಂಡನದಾಗಿರುತ್ತಿತ್ತು, ಅವನು ಇನ್ನೆಲ್ಲೋ ಇರುತ್ತಿದ್ದ. ಕೆ.ಆರ್. ಪೇಟೆ ಕಡೆಯ ಅಜ್ಜಿಯೊಬ್ಬರು ಮೊದಲ ಬಸ್ಸಿಗೇ ಪರೀಕ್ಷೆಗೆ ಬಂದರು. ಹೊಟ್ಟೆ ಖಾಲಿ ಇದೆಯೇ ಎಂದರೆ, "ಒಂದ್ ಅಗುಳು ಮುಟ್ಟಿಲ್ಲ ಕಣ್ ಮಗ, ದೇವ್ರಾಣೆ." ಕೊಳವೆ ಇಳಿಸಿದ ಮರುಕ್ಷಣ ಕಂದು ಬಣ್ಣದ ನೀರು ಉಕ್ಕಿ ಬಂತು. ತಲೆ ತಗ್ಗಿಸಿ, ಬಾಯಿ ಹೀರಿಸಿ, ಶ್ವಾಸಕೋಶಕ್ಕೆ ಇಳಿಯದಂತೆ ತಡೆದೆವು. ಬಸ್ಸಿಗೆ ಮುಂಚೆ ಅವರು ಒಂದು ಲೋಟ ರಾಗಿ ಅಂಬಲಿ ಕುಡಿದಿದ್ದರು. "ಅಂಬ್ಲಿ ಊಟ್ವಾ?" ಎಂದು ಅಜ್ಜಿ ನನ್ನನ್ನೇ ಕೇಳಿದರು. ಅಂದಿನಿಂದ ಅಂಬಲಿ, ಮಜ್ಜಿಗೆ, ಕಾಫಿ ಎಂದು ಒಂದೊಂದನ್ನೂ ಹೆಸರಿಟ್ಟು ಕೇಳಲು ಶುರುಮಾಡಿದೆವು. ಆ ಪಾಠವನ್ನು ಫಾರಂಗೂ ಅನ್ವಯಿಸಬೇಕಿತ್ತು. ಅದು ನನಗೆ ಹೊಳೆಯಲಿಲ್ಲ.

ಪಾಕ ನೋಡುವವರ ಮನೆ ತೊಣ್ಣೂರು ಕೆರೆಯಿಂದ ಒಂದಿಷ್ಟು ದೂರ. ಪ್ರತಿ ಭೇಟಿಯಲ್ಲೂ ಹೆಂಡತಿ ಖಾಲಿ ಶೀಟುಗಳನ್ನು ರಬ್ಬರ್‌ಬ್ಯಾಂಡ್ ಹಾಕಿ ತಂದಿಡುತ್ತಿದ್ದರು. ನರ್ಸ್ ಎಣಿಸಿ, ಮೊದಲ ಕಾಲಂನಲ್ಲಿ 'ಹೌದು' ಎಂದು ಬರೆಯುತ್ತಿದ್ದರು. "ಮತ್ತೆ ಲಕ್ವ ಬಂದಿತ್ತಾ?" "ಇಲ್ಲ ಕಣವ್ವ, ಚೆಂದಾಗವ್ರೆ." ಎರಡನೆಯ ಕಾಲಂ: 'ಮರುಕಳಿಸಿಲ್ಲ'. ಐದು ಭೇಟಿಯ ಐದು ಫಾರಂ, ಒಂದೇ ಉತ್ತರ.

ಹೋದ ವರ್ಷ ಬೇಸಿಗೆಯಲ್ಲಿ ಅಂಕಿ ಅಂಶಗಳನ್ನು ಒಟ್ಟುಹಾಕಿದೆವು. ದಪ್ಪ ಪದರವಿದ್ದವರು ಎರಡು ಮಾತ್ರೆಯ ಮೇಲೆ ನಿರೀಕ್ಷೆಗಿಂತ ಬಹಳ ಚೆನ್ನಾಗಿದ್ದರು. ನಮ್ಮ ವಿಭಾಗದ ಮುಖ್ಯಸ್ಥರು ಕೋಷ್ಟಕವನ್ನು ಎರಡು ಸಲ ಓದಿ, "ಇದು ಚೆನ್ನಾಗಿದೆ ಕಣಮ್ಮ. ನಂಬೋಕೆ ಕಷ್ಟ ಅನ್ನೋಷ್ಟು ಚೆನ್ನಾಗಿದೆ" ಎಂದರು. ಅದನ್ನು ಹೊಗಳಿಕೆ ಎಂದು ತೆಗೆದುಕೊಂಡೆ. ಸಾರಾಂಶವನ್ನು ಒಂದು ರಾಷ್ಟ್ರಮಟ್ಟದ ಸಮ್ಮೇಳನಕ್ಕೆ ಕಳಿಸಿದೆವು. ಅದು ಒಪ್ಪಿಗೆಯಾಯಿತು.

ಆಷಾಢದ ಒಂದು ಮಂಗಳವಾರ ಆರನೆಯ ಭೇಟಿಗೆ ಹೋದೆವು. ಪಾಕ ನೋಡುವವರು ಜಗಲಿಯಲ್ಲಿ ಕುಳಿತಿದ್ದರು. ಸ್ವಲ್ಪ ಬಡವಾಗಿದ್ದರು. ಶೀಟುಗಳು ಬಂದವು, ಉತ್ತರಗಳು ಬಂದವು. ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಬಿದಿರಿನ ಗೂಡಿನಲ್ಲಿ ನಾಲ್ಕು ಪಾರಿವಾಳ ಕಂಡವು. ಸಾಕಿದ್ದೀರಾ ಎಂದೆ. "ಊ, ಅಂಗೇ" ಎಂದು ಹೆಂಡತಿ ಗೂಡಿನ ಮೇಲೆ ಗೋಣಿಚೀಲ ಎಳೆದರು.

ಜೀಪು ಹೊರಟು ಒಂದು ಫರ್ಲಾಂಗ್ ಬಂದಿರಬೇಕು. ಡ್ರೈವರ್ ಸಾಬರು ಕನ್ನಡಿಯಲ್ಲಿ ನನ್ನನ್ನು ನೋಡಿ, "ಯಜಮಾನ್ರಿಗೆ ಮತ್ತೆ ಲಕ್ವ ಒಡ್ದಿತ್ತಾ ಮೇಡಂ?" ಎಂದರು.

"ಇಲ್ಲವಲ್ಲ, ಯಾಕೆ?"

"ಹಿತ್ಲಲ್ಲಿ ಪಾರಿವಾಳ ಕಟ್ಟವ್ರೆ. ಸಾಕೋ ಮನೆ ಅಲ್ಲ ಅದು. ಸಾಕೋರು ಸೂರಿನ್ ಮೇಲೆ ಗೂಡು ಇಡ್ತಾರೆ, ಹಾರಕ್ಕೆ ಬುಡ್ತಾರೆ. ಇದು ತಿನ್ನಕ್ಕೆ. ಲಕ್ವದ್ ಪಥ್ಯ. ನಮ್ ಚಾಚಾಗೂ ನಾಗಮಂಗ್ಲದ್ ಕಡೆ ಔಷ್ದಿ ಕೊಡ್ಸಿದ್ವಿ. ನಲವತ್ತೆಂಟು ದಿನ. ಬದ್ನೆಕಾಯಿ ಇಲ್ಲ, ಮೀನಿಲ್ಲ, ಹುಳಿ ಇಲ್ಲ. ಪಾರಿವಾಳದ್ ಸಾರು. ಇಂಗ್ಲಿಷ್ ಮಾತ್ರೆ ಬಂದ್. ಮುಗಿಯೋಗಂಟ ಯಾರ್ಗೂ ಬಾಯ್ ಬುಡಂಗಿಲ್ಲ, ಬುಟ್ರೆ ಔಷ್ದಿ ನಾಟಕಿಲ್ಲ."

ಹಿಂದಿನ ಸೀಟಿನಲ್ಲಿ ನರ್ಸ್ ಆಗಷ್ಟೇ ತುಂಬಿದ ಫಾರಂ ಹೊರತೆಗೆದರು.

"ಬೇರೆ ಮನೆಗಳಲ್ಲೂ ಪಾರಿವಾಳ ನೋಡಿದ್ದೀರಾ?" ಎಂದು ಸಾಬರನ್ನು ಕೇಳಿದೆ.

"ನೋಡಿವ್ನಿ."

"ಎರಡು ವರ್ಷದಿಂದ ನಮ್ಮ ಜೊತೆ ಓಡಾಡ್ತಿದ್ದೀರಲ್ಲ, ಒಂದು ಮಾತು ಹೇಳಬಾರದಿತ್ತೇ?"

"ನೀವು ಒಳಗೆ ಕುಂತು ಕೇಳ್ತೀರಿ, ನಾನು ಈಚೆ ಕುಂತು ನೋಡ್ತೀನಿ. ನನ್ನ ಯಾರ್ ಕೇಳುದ್ರು ಮೇಡಂ?"

ಜೀಪು ತಿರುಗಿಸಲು ಹೇಳಿದೆ.

ಹೆಂಡತಿ ಬಾಗಿಲಲ್ಲೇ ನಿಂತಿದ್ದರು, ನಾವು ವಾಪಸಾಗುತ್ತೇವೆಂದು ಗೊತ್ತಿದ್ದವರಂತೆ. ಬೈಯಲು ಬಂದಿಲ್ಲ ಎಂದು ಮೊದಲೇ ಹೇಳಿದೆ. ಪಥ್ಯ ಯಾವಾಗ ಮುಗಿಯುತ್ತದೆ ಎಂದು ಕೇಳಿದೆ.

"ಮೊನ್ನೆ ಭಾನುವಾರಕ್ಕೆ ಮುಗೀತು, ಗೂಡಲ್ಲಿರವು ಮಿಕ್ಕವು" ಎಂದು ಅವರು ಗಂಡನ ಕಡೆ ನೋಡಿದರು.

"ಏಳ್ಬುಡಮ್ಮಿ ಇನ್ನೇನು" ಎಂದರು ಪಾಕ ನೋಡುವವರು. "ಮೂರ್ ಸಲ ಆಯ್ತು ಕಣವ್ವ. ಬಾಯಿ ಇಂಗೆ ಎಳ್ಕತಿತ್ತು, ಕೈ ಜೋಮು ಇಡೀತಿತ್ತು. ಒಂದ್ ಕಾಲ್ಗಂಟೆ. ಆಮೇಲೆ ಅದ್ರ ಪಾಡ್ಗೆ ಅದು ವೋಗ್ಬುಡದು. ಇದು ಲಕ್ವ ಅಲ್ಲ, ಗಾಳಿ ಅಂದ್ಕಂಡೊ. ಆದ್ರೂ ಭಯಕ್ಕೆ ಔಷ್ದಿ ತಕ್ಕಂಡೊ."

ಕಾಲು ಗಂಟೆಯಲ್ಲಿ ಸರಿಹೋಗುವುದು ದೊಡ್ಡ ಪಾರ್ಶ್ವವಾಯುವಿನ ಮುನ್ಸೂಚನೆ. ನನ್ನ ಅಧ್ಯಯನ ಕಾಯುತ್ತಿದ್ದದ್ದು ಅಂಥವುಗಳಿಗೇ.

"ಮತ್ತೆ ಆ ಖಾಲಿ ಶೀಟುಗಳು?" ಎಂದು ನರ್ಸ್ ಕೇಳಿದರು. ಅವರ ದನಿ ಬದಲಾಗಿತ್ತು.

"ನೀವು ಅಷ್ಟ್ ದೂರದಿಂದ ಬತ್ತೀರಿ ಸಿಸ್ಟ್ರಮ್ಮ. ಶೀಟ್ ತುಂಬಿರದ್ ನೋಡುದ್ರೆ ಬೇಜಾರ್ ಮಾಡ್ಕತೀರಲ್ಲ ಅಂತ ಬಿಡ್ಸಿ ಎತ್ತಿಟ್ಟೆ." ಅವರು ಒಳಗಿನಿಂದ ಉಪ್ಪಿನಕಾಯಿಯ ದೊಡ್ಡ ಗಾಜಿನ ಸೀಸೆಯೊಂದನ್ನು ತಂದರು. ತೊಳೆದು ಒಣಗಿಸಿದ ಸೀಸೆ. ಒಳಗೆ ಮಾತ್ರೆಗಳು. "ಬಿಸಾಕಿಲ್ಲ. ಔಷ್ದಿ ಅಲ್ವಾ, ತಿಪ್ಪೆಗೆ ಆಕಕ್ಕಾಯ್ತದಾ?"

ನರ್ಸ್ ಅವನ್ನು ಮೊರಕ್ಕೆ ಸುರಿದು ಎಣಿಸಿದರು. ಇನ್ನೂರ ಎಂಬತ್ತಾರು. ದಿನಕ್ಕೆ ಎರಡರಂತೆ ನಲವತ್ತೆಂಟು ದಿನ, ಮೂರು ಸಲ, ಇನ್ನೂರ ಎಂಬತ್ತೆಂಟಾಗಬೇಕಿತ್ತು. ಮೊದಲ ಪಥ್ಯದ ಮೊದಲ ದಿನ ಮರೆತು ಎರಡು ನುಂಗಿಬಿಟ್ಟಿದ್ದರಂತೆ. ನಮ್ಮ ಕಡತಕ್ಕಿಂತ ಆ ಸೀಸೆ ಹೆಚ್ಚು ನಿಖರವಾಗಿತ್ತು.

ಆ ಗುರುವಾರ ನಾಗಮಂಗಲದಿಂದ ಮುಂದಿನ ಒಂದು ಹಳ್ಳಿಗೆ, ಪಾಕ ನೋಡುವವರಿಗೆ ಲಕ್ವದ ಔಷಧಿ ಕೊಡುವವರ ಮನೆಗೆ ಹೋದೆವು. ಎಪ್ಪತ್ತು ದಾಟಿದ ಬೇಸಾಯಗಾರರು. ತೆಂಗಿನ ತೋಟದ ಅಂಚಿನಲ್ಲಿ ರಾಗಿ ಪೈರಿಗೆ ನೆಲ ಹದ ಮಾಡುತ್ತಿದ್ದವರು ಕಾಲು ತೊಳೆದು ಬಂದು ಕುಳಿತರು. ನಾನು ಯಾರೆಂದು ಹೇಳಿದೆ.

"ಕೇಸ್ ಆಕಕ್ ಬಂದ್ರಾ?"

"ಕೇಳೋಕೆ ಬಂದೆ."

"ಕೇಳೋ ಡಾಕ್ಟ್ರು! ಈ ವಯಸ್ನಲ್ಲಿ ಇದ್ನೂ ನೋಡ್ದಂಗಾಯ್ತು, ಕುಂತ್ಕಳಿ."

ಮಾತ್ರೆ ಬಿಡಿಸುತ್ತೀರಂತೆ ಎಂದೆ. ಅವರು ಸಿಟ್ಟಾದರು. "ಯಾವನ್ ಅಂಗಂದೋನು? ಬದ್ನೆಕಾಯಿ ಬುಡಿ ಅಂತೀನಿ, ಹುಳಿ ಬುಡಿ ಅಂತೀನಿ. ಮಾತ್ರೆ ಬುಡಿ ಅಂತ ನನ್ ಬಾಯಲ್ಲಿ ಬಂದಿಲ್ಲ. ಎಲ್ಡ್ ಔಷ್ದಿ ಒಳಗೋದ್ರೆ ಒಂದಕ್ಕೊಂದು ಜಗಳ ಆಡ್ತವೆ ಅಂತ ಅವ್ರವ್ರೇ ತೀರ್ಮಾನ ಮಾಡ್ಕಂಡವ್ರೆ."

"ಬುಡಬೇಡಿ ಅಂತಲೂ ಹೇಳಿಲ್ಲವಲ್ಲ."

"ಅದ್ನ ಯಾರೂ ಕೇಳ್ಲಿಲ್ಲ" ಎಂದರು. ಒಂದೇ ವಾರದಲ್ಲಿ ಆ ಉತ್ತರ ನನಗೆ ಎರಡನೆಯ ಸಲ ಬಂದಿತ್ತು.

ಬಂದವರ ನೆನಪಿದೆಯೇ ಎಂದಾಗ ಅವರು ಸೊಸೆಯನ್ನು ಕೂಗಿದರು. ಆಕೆ ಉದ್ದದ ನೋಟ್‌ಬುಕ್ ತಂದರು. ಸೊಸೆಯದೇ ದುಂಡಗಿನ ಅಕ್ಷರ: ಹೆಸರು, ಊರು, ಬಂದ ದಿನ, ಎಡವೋ ಬಲವೋ, ಎಷ್ಟನೆಯ ಸಲ. "ಎಡಕ್ಕೆ ಒಂದ್ ಸೊಪ್ಪು, ಬಲಕ್ಕೆ ಒಂದ್ ಸೊಪ್ಪು. ಮೊದುಲ್ನೇ ಸಲುಕ್ಕೊಂದ್ ಅಳತೆ, ಎರಡ್ನೇದಕ್ಕೆ ಇನ್ನೊಂದು. ಬರ್ದಿಡ್ದೆ ಇದ್ರೆ ಎಡವಟ್ಟಾಯ್ತದೆ" ಎಂದು ಹಿರಿಯರು ವಿವರಿಸಿದರು.

ನಾನು ಯಾರ ಹೆಸರನ್ನೂ ಓದಿ ಹೇಳಲಿಲ್ಲ. ನಮ್ಮ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಪುಟ ತಿರುವಿದೆ. ನಮ್ಮ ಹನ್ನೊಂದು ಮಂದಿ ಅಲ್ಲಿದ್ದರು. ಅವರಲ್ಲಿ ಏಳು ಮಂದಿಯ ಮುಂದೆ ಎರಡನೆಯ ಸಲ ಅಥವಾ ಮೂರನೆಯ ಸಲ ಎಂದಿತ್ತು. ಹನ್ನೊಂದು ಮಂದಿಯ ಫಾರಂನಲ್ಲೂ ನಾವು ಬರೆದದ್ದು 'ಮರುಕಳಿಸಿಲ್ಲ'.

ವಾಪಸು ಬರುವಾಗ ನರ್ಸ್ ಒಂದೇ ಮಾತು ಹೇಳಿದರು: "ನಾನು ಸುಳ್ಳು ಬರೆದಿಲ್ಲ ಮೇಡಂ."

ಹೌದು, ಅವರು ಬರೆದಿದ್ದು ಜನ ಹೇಳಿದ್ದನ್ನೇ. ಪ್ರಶ್ನೆ ನನ್ನದು. ಮೈಸೂರಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಬರೆದು, ಕನ್ನಡಕ್ಕೆ ತಿರುಗಿಸಿ, ಮನೆಯ ಜಗಲಿಯಲ್ಲಿ ಊರವರ ಎದುರು ಓದಿಸಿದ್ದೆ. ಹಾಗೆ ಎಂದೆ. ಅವರಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಸೋಮವಾರ ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಪೂರ್ತಿ ಕೇಳಿದರು.

"ಹನ್ನೊಂದು ಜನರನ್ನು ತೆಗೆದುಹಾಕು. ಉಳಿದವರ ಮೇಲೆ ಬರೆಯೋಣ."

"ಉಳಿದವರ ಮನೆಯಲ್ಲಿ ಸೀಸೆ ಇಲ್ಲ ಅಂತ ಹೇಗೆ ಹೇಳೋದು ಸರ್? ಔಷಧಿ ಕೊಡೋರು ಇವರೊಬ್ಬರೇ ಅಲ್ಲ."

"ಎರಡು ವರ್ಷ ಕಣಮ್ಮ. ಸಮ್ಮೇಳನಕ್ಕೆ ಐದು ವಾರ ಇದೆ. ಹಿಂದಕ್ಕೆ ತೆಗೆದುಕೊಂಡರೆ ಮುಂದಿನ ಸಲ ನಮ್ಮ ಹೆಸರು ನೋಡಿ ಏನಂದುಕೊಳ್ಳುತ್ತಾರೆ?"

"ಮಾತ್ರೆಯಿಂದ ಚೆನ್ನಾಗಿದ್ದಾರೆ ಅಂತ ನಾವು ಬರೆದಿರೋದು ಮಾತ್ರೆ ನುಂಗದವರ ಬಗ್ಗೆ ಸರ್. ಚೆನ್ನಾಗಿಯೂ ಇಲ್ಲ ಅವರು."

ಅವರು ಕನ್ನಡಕ ತೆಗೆದು ಒರೆಸಿದರು. ನಿನ್ನ ಅಧ್ಯಯನ, ನಿನ್ನ ತೀರ್ಮಾನ ಎಂದರು. ಅದೇ ದಿನ ಸಂಜೆ ನಾಲ್ಕಕ್ಕೆ ಸಾರಾಂಶ ಹಿಂಪಡೆಯುವ ಪತ್ರ ಕಳಿಸಿದೆ. ಕಾರಣದ ಜಾಗದಲ್ಲಿ, ಮಾತ್ರೆ ಮತ್ತು ಮರುಕಳಿಕೆಯ ಮಾಹಿತಿ ನಂಬುವಂತಿಲ್ಲ ಎಂದು ಬರೆದೆ. ಆಸ್ಪತ್ರೆಯ ಸಂಶೋಧನಾ ನೈತಿಕ ಸಮಿತಿಗೂ ಅದನ್ನೇ ತಿಳಿಸಿ, ಹೊಸ ಫಾರಂಗೆ ಅನುಮತಿ ಕೇಳಿದೆ.

ಆಮೇಲಿನದು ಅದೇ ರಸ್ತೆ, ಎರಡನೆಯ ಸಲ. ಹೊಸ ಫಾರಂನಲ್ಲಿ ಲಕ್ವ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ. ಮೊದಲು ಬಾಯಿ ಎಳೆದಿತ್ತೇ, ಕೈ ಜೋಮು ಹಿಡಿದಿತ್ತೇ, ಎಷ್ಟು ಹೊತ್ತು, ಯಾವ ಬದಿ, ಯಾವ ದಿನ. ಆಮೇಲೆ ಔಷಧಿ ಎಲ್ಲಿ ಕೊಡಿಸಿದಿರಿ, ಪಥ್ಯ ಎಷ್ಟು ದಿನ. ರೋಗಿಯನ್ನೂ ಹೆಂಡತಿಯನ್ನೂ ಬೇರೆ ಬೇರೆ ಕೇಳುತ್ತೇವೆ, ಊರವರಿಲ್ಲದ ಕಡೆ. ನರ್ಸ್ ಈಗ ಶೀಟು ಕೇಳುವುದಿಲ್ಲ. ನುಂಗದೆ ಉಳಿದ ಮಾತ್ರೆ ಇದ್ದರೆ ತನ್ನಿ, ನಾನೇನೂ ಅನ್ನುವುದಿಲ್ಲ ಎನ್ನುತ್ತಾರೆ. ಡಬ್ಬಿ, ತಂಬಿಗೆ, ಮಸಾಲೆ ಡಬ್ಬದ ಒಂದು ಬಟ್ಟಲು, ಹೀಗೆ ಇನ್ನೂ ಕೆಲವು ಮನೆಗಳಿಂದ ಮಾತ್ರೆ ಹೊರಬಂತು. ಡ್ರೈವರ್ ಸಾಬರು ತಾವು ಕಂಡದ್ದನ್ನು ದಾರಿಯಲ್ಲಿ ಹೇಳುತ್ತಾರೆ. "ಇವತ್ತು ಎಲ್ಡು ಗೂಡು ಮೇಡಂ, ಬರ್ಕಳಿ." ಅವರ ಹೆಸರನ್ನೂ ಅಧ್ಯಯನದ ತಂಡಕ್ಕೆ ಸೇರಿಸಿದ್ದೇನೆ. ಆ ಹೆಸರಿನ ಮುಂದೆ ಹುದ್ದೆಯ ಜಾಗ ಖಾಲಿ ಇದೆ.

ಔಷಧಿ ಕೊಡುವವರು ಮೊದಲ ಭೇಟಿಯಲ್ಲಿ ಏನನ್ನೂ ಒಪ್ಪಲಿಲ್ಲ. ಮೂರನೆಯದರಲ್ಲಿ ಎರಡಕ್ಕೆ ಒಪ್ಪಿದರು. ಇಂಗ್ಲಿಷ್ ಮಾತ್ರೆ ನಿಲ್ಲಿಸಬೇಡಿ ಎಂದು ಪ್ರತಿಯೊಬ್ಬರಿಗೂ ತಾವೇ ಹೇಳುವುದು. ಅದೇ ದಿನ ಹೊಡೆದವರಾದರೆ ಮೊದಲು ಮೈಸೂರಿಗೆ ಅಟ್ಟುವುದು, ಔಷಧಿ ಆಮೇಲೆ. "ಸೊಪ್ಪಿನ್ ಎಸ್ರು ಮಾತ್ರ ಕೇಳ್ಬೇಡಿ" ಎಂದರು. ಕೇಳಿಲ್ಲ.

ಪಾಕ ನೋಡುವವರು ಆಷಾಢದಿಂದ ಮಾತ್ರೆ ಬಿಟ್ಟಿಲ್ಲ. ಅವರ ಹೆಂಡತಿ ಸೀಸೆಯನ್ನು ನರ್ಸ್‌ಗೆ ಕೊಟ್ಟುಬಿಟ್ಟರು. ದೀಪಾವಳಿಯ ನಂತರ ಮತ್ತೆ ಪರೀಕ್ಷೆ ಮಾಡಿದೆ. ಪದರ ಐದು ಪಾಯಿಂಟ್ ಒಂದು. ಅಲುಗಾಡುವ ಚೂರು ಹಾಗೇ ಇತ್ತು. ಮಾತ್ರೆ ನುಂಗಿದರೆ ಮತ್ತೆ ಲಕ್ವ ಆಗುವುದೇ ಇಲ್ಲವಾ ಎಂದು ಕೇಳಿದರು. ಅಪಾಯ ಕಡಿಮೆಯಾಗುತ್ತದೆ, ಆಗುವುದೇ ಇಲ್ಲ ಎಂದು ಹೇಳಲಾರೆ ಎಂದೆ. "ಸರಿ ಬುಡಿ, ಪಾಕಾನೂ ಅಂಗೇಯ, ಎಷ್ಟ್ ನೋಡುದ್ರೂ ಒಂದೊಂದ್ ದಿನ ಕೈ ಕೊಡ್ತದೆ" ಎಂದರು. ಅಧ್ಯಯನದ ಹೊಸ ಲೆಕ್ಕ ಇನ್ನೂ ಮುಗಿದಿಲ್ಲ.

ಹೋದ ಗುರುವಾರ ಬೆಳಿಗ್ಗೆ ಏಳು ಹತ್ತಕ್ಕೆ ನಾಗಮಂಗಲದಿಂದ ಫೋನ್ ಬಂತು. ಔಷಧಿ ಕೊಡುವವರು. "ಡಾಕ್ಟ್ರವ್ವ, ತೊಣ್ಣೂರ್ ಕಡೆ ಬೆಲ್ಲದೋರ್ ಎಂಗುಸ್ರು ಫೋನ್ ಮಾಡಿದ್ರು. ಬಲಗಡೆ. ಆರೂವರೆಗೆ. ಈ ಸಲ ಬುಡ್ತಾ ಇಲ್ವಂತೆ. ಇಲ್ಲಿಗ್ ಕರ್ಕಬರ್ಲಾ ಅಂದ್ರು, ಬ್ಯಾಡ, ನೀವ್ ಮೈಸೂರ್ ದಾರಿ ಇಡೀರಿ ಅಂದಿವ್ನಿ."

ಬೆಲ್ಲ ಸಾಗಿಸುವ ಟೆಂಪೊದಲ್ಲಿ ಪಾಕ ನೋಡುವವರು ಎಂಟು ಹತ್ತಕ್ಕೆ ಆಸ್ಪತ್ರೆ ತಲುಪಿದರು. ಮಿದುಳಿನ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ. ಎಂಟು ಐವತ್ತಕ್ಕೆ ಇಂಜೆಕ್ಷನ್ ಶುರುವಾಯಿತು. ಶನಿವಾರ ಅವರು ಬಲಗೈಯಲ್ಲಿ ನೀರಿನ ಲೋಟ ಹಿಡಿದರು, ಎತ್ತಲು ಆಗಲಿಲ್ಲ. ಮಾತು ಇನ್ನೂ ಬಂದಿಲ್ಲ. ನರ್ಸ್ ಅವರ ಹಾಸಿಗೆಯ ಪಕ್ಕದಲ್ಲಿ ನಿಂತು ಫಾರಂ ತುಂಬಿದರು. ಮಾತ್ರೆ: ಹೌದು, ಎಣಿಸಿದೆ. ಮರುಕಳಿಕೆ: ಹೌದು. ಬದಿ: ಬಲ. ದಿನ: ಗುರುವಾರ. ಹೊತ್ತು: ಬೆಳಿಗ್ಗೆ ಆರೂವರೆ. ತಿಳಿಸಿದವರು: ಹೆಂಡತಿ.